ಸತ್ತು ಬಿದ್ದ ಹುಳ ಎಣಿಸಿ ದುಡ್ಡು ಕೊಡಬೇಡಿ

'ಪೆಸ್ಟ್ ಕಂಟ್ರೋಲ್' ಅನ್ನುವುದು ಮೊದಲು ಬೆಂಗಳೂರು, ಹುಬ್ಬಳ್ಳಿಯ ಅಪಾರ್ಟ್‌ಮೆಂಟಿನವರ ಮಾತಾಗಿತ್ತು. ಈಗ ಹೋಬಳಿ ಊರಿನ ಕರೆಂಟ್ ಕಂಬದ ಮೇಲೂ ಅವರ ಚೀಟಿ ಅಂಟಿರುತ್ತದೆ. ಗೆದ್ದಲು, ಜಿರಳೆ, ತಿಗಣೆ, ಸೊಳ್ಳೆ, ಎಲ್ಲದಕ್ಕೂ ಒಂದೇ ಫೋನ್ ನಂಬರ್. ಹೊಸ ಮನೆ ಕಟ್ಟಿಸಿದವರು, ಬಾಗಿಲಿಗೆ ತೇಗದ ಮರ ಹಾಕಿಸಿದವರು, ಹೋಟೆಲ್ ಇಟ್ಟವರು, ಕಿರಾಣಿ ಅಂಗಡಿಯವರು ಕರೆಸುತ್ತಿದ್ದಾರೆ. ತಪ್ಪೇನಿಲ್ಲ, ಬೇಕಾದ ಕೆಲಸವೇ.

ಆದರೆ ನಾವು ಅವರಿಗೆ ಕೇಳುವ ಪ್ರಶ್ನೆ ಎರಡೇ. ಒಂದು, "ಹೊಡೆದ ತಕ್ಷಣ ಸಾಯ್ತಾವಾ?" ಇನ್ನೊಂದು, "ಎಷ್ಟು ವರ್ಷ ಗ್ಯಾರಂಟಿ?" ಬಂದವನು ಒಂದು ಮೂಲೆಗೆ ಸ್ಪ್ರೇ ಹೊಡೆದು, ನಾಲ್ಕು ಜಿರಳೆ ಕಾಲು ಮೇಲೆ ಮಾಡಿ ಬಿದ್ದದ್ದನ್ನು ತೋರಿಸಿದರೆ ನಮಗೆ ಸಮಾಧಾನ. ದುಡ್ಡು ಎಣಿಸಿ ಕೊಡುತ್ತೇವೆ.

ನನ್ನ ಮಾತು ಇಷ್ಟೇ. ಈ ಎರಡು ಪ್ರಶ್ನೆಯಿಂದಲೇ ನಾವು ಮೋಸ ಹೋಗುತ್ತಿದ್ದೇವೆ. ಬೇಗ ಕೊಲ್ಲುವ ಔಷಧಿ ಬೇಕೋ, ನಿಧಾನವಾಗಿ ಕೊಲ್ಲುವುದು ಬೇಕೋ, ಬಹಳ ದಿನ ಉಳಿಯುವುದು ಬೇಕೋ ಎಂದು ತೀರ್ಮಾನಿಸುವ ಮೊದಲು ಕೇಳಬೇಕಾದ ಬೇರೆ ಎರಡು ಪ್ರಶ್ನೆ ಇವೆ. ಆ ಹುಳ ಎಲ್ಲಿ ವಾಸ ಮಾಡುತ್ತದೆ? ಅದರ ಜೊತೆ ಆ ಮನೆಯಲ್ಲಿ ಇನ್ನು ಯಾರು ಯಾರು ವಾಸ ಮಾಡುತ್ತಾರೆ? ಇವೆರಡಕ್ಕೆ ಉತ್ತರ ಸಿಕ್ಕಿದರೆ ಔಷಧಿ ಯಾವುದು ಅನ್ನುವುದು ಅರ್ಧ ತೀರ್ಮಾನ ಆದಂತೆ.

ಮೂರು ಬೇರೆ ಬೇರೆ ಗುಣ

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ಹುಳವನ್ನು ಬೀಳಿಸುವುದು ಒಂದು ಗುಣ. ಕೊಲ್ಲುವುದು ಇನ್ನೊಂದು. ಹೊಡೆದ ಜಾಗದಲ್ಲಿ ಬಹಳ ದಿನ ಉಳಿಯುವುದು ಮೂರನೆಯದು. ಮಾರುವವರು ಮೂರನ್ನೂ ಸೇರಿಸಿ 'ಪವರ್' ಅಂದುಬಿಡುತ್ತಾರೆ.

ಪೈರೆಥ್ರಮ್ ಅನ್ನುವುದು ನಮ್ಮ ಸೇವಂತಿಗೆಯ ಜಾತಿಯ ಒಂದು ಹೂವಿನಿಂದ ತೆಗೆಯುವ ವಿಷ. ಅದು ಹುಳದ ನರಕ್ಕೆ ಹೊಡೆಯುತ್ತದೆ. ಹುಳ ಕೆಲವೇ ನಿಮಿಷದಲ್ಲಿ ಬಿದ್ದು ಒದ್ದಾಡುತ್ತದೆ. ನೋಡಿದವರು ಸತ್ತಿತು ಅಂದುಕೊಳ್ಳುತ್ತಾರೆ. ಆದರೆ ಕೆಲವು ಹುಳದ ಮೈಯೇ ಆ ವಿಷವನ್ನು ಕರಗಿಸಿಕೊಳ್ಳುತ್ತದೆ. ಕೆಲವು ಗಂಟೆ ಬಿಟ್ಟು ಎದ್ದು ಹೋಗುತ್ತದೆ. ಹಾಗಾಗದಿರಲಿ ಅಂತಲೇ ಕಂಪನಿಗಳು ಪಿಪೆರೊನಿಲ್ ಬ್ಯುಟಾಕ್ಸೈಡ್ ಎಂಬ ಇನ್ನೊಂದು ರಾಸಾಯನಿಕವನ್ನು ಜೊತೆಗೆ ಬೆರೆಸುತ್ತವೆ. ಅದು ವಿಷ ಕರಗಿಸುವ ಹುಳದ ಶಕ್ತಿಯನ್ನು ತಡೆಯುತ್ತದೆ.

ಹೂವಿನ ಪೈರೆಥ್ರಮ್ ಬಿಸಿಲಿಗೆ ಬೇಗ ಕೆಟ್ಟುಹೋಗುತ್ತದೆ. 1973ರಲ್ಲಿ ಇಂಗ್ಲೆಂಡಿನ ರೊಥಾಮ್‌ಸ್ಟೆಡ್ ಸಂಶೋಧನಾ ಕೇಂದ್ರದವರು ಬಿಸಿಲಿಗೆ ತಡೆಯುವಂಥ ಪರ್ಮೆಥ್ರಿನ್ ಮಾಡಿದರು. ನಮ್ಮ ಗೊಬ್ಬರದ ಅಂಗಡಿಯಲ್ಲಿ ಸಿಗುವ ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್ ಎಲ್ಲ ಅದೇ ಕುಟುಂಬದವು. ಇವು ಬೇಗ ಬೀಳಿಸುತ್ತವೆ, ಗೋಡೆಯ ಮೇಲೆ ವಾರಗಟ್ಟಲೆ ಉಳಿಯಲೂಬಹುದು. ಹಾಗಾಗಿ ಎರಡು ಗುಣ ಒಂದೇ ಬಾಟಲಿಯಲ್ಲಿ ಇರಲು ಸಾಧ್ಯ. ಸಮಸ್ಯೆ ಏನೆಂದರೆ, ಎರಡೂ ಗುಣ ಎಲ್ಲ ಹುಳಕ್ಕೂ ಉಪಯೋಗಕ್ಕೆ ಬರುವುದಿಲ್ಲ. ಕೆಲವು ಕಡೆ ಬೇಗ ಕೊಲ್ಲುವುದೇ ಕೆಲಸ ಕೆಡಿಸುತ್ತದೆ.

ಗೆದ್ದಲು: ಅವಸರ ಮಾಡಿದರೆ ಬಾಗಿಲು ಹೋಯಿತು

ಇದಕ್ಕೆ ಗೆದ್ದಲಿಗಿಂತ ಒಳ್ಳೆಯ ಉದಾಹರಣೆ ಇಲ್ಲ. ಬಾಗಿಲ ಚೌಕಟ್ಟಿನ ಪಕ್ಕ ಮಣ್ಣಿನ ಗೆರೆ ಎದ್ದಿದೆ. ಒಡೆದರೆ ಒಳಗೆ ಬಿಳಿ ಹುಳ ಓಡಾಡುತ್ತಿವೆ. ನಮ್ಮವರು ಮೊದಲು ಸೀಮೆಎಣ್ಣೆ ಹಾಕುತ್ತಾರೆ. ಆಮೇಲೆ ಹೊಲಕ್ಕೆ ತಂದ ಔಷಧಿಯಲ್ಲಿ ಉಳಿದದ್ದನ್ನು ಹೊಡೆಯುತ್ತಾರೆ. ಕಣ್ಣೆದುರಿಗೆ ಇದ್ದವೆಲ್ಲ ಸತ್ತವು. ಹದಿನೈದು ದಿನ ಬಿಟ್ಟು ನೋಡಿದರೆ ಕಿಟಕಿಯ ಹತ್ತಿರ ಹೊಸ ಗೆರೆ.

ಯಾಕೆ ಅಂದರೆ, ನೀವು ಕೊಂದದ್ದು ಮೇವು ಹೊರಲು ಬಂದ ಕೂಲಿ ಹುಳಗಳನ್ನು ಮಾತ್ರ. ಗೂಡು ಇರುವುದು ನೆಲದೊಳಗೆ. ಅಲ್ಲಿ ರಾಣಿ ದಿನಕ್ಕೆ ಸಾವಿರಾರು ಮೊಟ್ಟೆ ಇಡುತ್ತಿರುತ್ತದೆ. ನೂರು ಇನ್ನೂರು ಕೂಲಿ ಹುಳ ಸತ್ತರೆ ಆ ಸಂಸಾರಕ್ಕೆ ಏನೂ ಆಗುವುದಿಲ್ಲ.

ಅಷ್ಟೇ ಅಲ್ಲ. ಸೈಪರ್‌ಮೆಥ್ರಿನ್, ಬೈಫೆಂಥ್ರಿನ್‌ನಂಥ ಪೈರೆಥ್ರಾಯ್ಡ್ ಔಷಧಿಗಳು ಗೆದ್ದಲನ್ನು ಹೆದರಿಸಿ ಓಡಿಸುತ್ತವೆ. ಔಷಧಿ ಇರುವ ಕಡೆ ಅವು ಬರುವುದಿಲ್ಲ, ಇಲ್ಲದ ಕಡೆ ದಾರಿ ಹುಡುಕುತ್ತವೆ. ಮನೆ ಕಟ್ಟುವ ಮೊದಲೇ ಪಾಯದ ಮಣ್ಣಿಗೆಲ್ಲ ಒಂದೇ ಸಮ ಹಾಕಿದ್ದರೆ ಇದು ಒಳ್ಳೆಯದೇ, ಬೇಲಿಯ ಹಾಗೆ ಕೆಲಸ ಮಾಡುತ್ತದೆ. ಕಟ್ಟಿ ಮುಗಿದ ಮನೆಯಲ್ಲಿ ಒಂದು ಕಡೆ ಹೊಡೆದು ಇನ್ನೊಂದು ಕಡೆ ಬಿಟ್ಟರೆ ಅದು ಬರೀ ದಾರಿ ತಪ್ಪಿಸುವ ಕೆಲಸ.

ಇಮಿಡಾಕ್ಲೋಪ್ರಿಡ್, ಫಿಪ್ರೋನಿಲ್ ಬೇರೆ ಥರ. ಇವುಗಳ ಇರುವು ಗೆದ್ದಲಿಗೆ ಗೊತ್ತಾಗುವುದಿಲ್ಲ. ಔಷಧಿ ಹಾಕಿದ ಮಣ್ಣಿನಲ್ಲೇ ಓಡಾಡುತ್ತವೆ. ತಕ್ಷಣ ಸಾಯುವುದಿಲ್ಲ. ಗೆದ್ದಲು ಒಂದರ ಮೈ ಇನ್ನೊಂದು ನೆಕ್ಕುತ್ತದೆ, ಬಾಯಿಂದ ಬಾಯಿಗೆ ಆಹಾರ ಕೊಡುತ್ತದೆ. ಹಾಗೆ ವಿಷ ಒಂದರಿಂದ ಇನ್ನೊಂದಕ್ಕೆ ದಾಟುತ್ತದೆ. ಇಲ್ಲಿ ನಿಧಾನವೇ ಆ ಔಷಧಿಯ ಬಲ. ಆದರೂ ದೊಡ್ಡ ಹುತ್ತದ ಇಡೀ ಗೂಡೇ ನಾಶವಾಗುತ್ತದೆ ಎಂದು ಯಾರಾದರೂ ಆಣೆ ಮಾಡಿದರೆ ನಂಬಬೇಡಿ. ಮನೆಯೊಳಗೆ ಬರುವ ದಾರಿ ಮುಚ್ಚಿತು ಅಂದರೆ ಅದೇ ದೊಡ್ಡದು.

ಈಗ ನಮ್ಮ ಅವಸರ ಏನು ಮಾಡುತ್ತದೆ ನೋಡಿ. ಕೆಲಸ ಗೊತ್ತಿರುವ ಆಪರೇಟರ್ ಒಬ್ಬ ನಿಧಾನದ ಔಷಧಿ ಹಾಕಿ ಹೋಗಿರುತ್ತಾನೆ. ಮೂರನೇ ದಿನಕ್ಕೆ ಮನೆಯವರ ಫೋನ್: "ಏನ್ರೀ, ಇನ್ನೂ ಓಡಾಡ್ತಾ ಇದಾವೆ, ನಿಮ್ಮ ಔಷಧಿ ಡೂಪ್ಲಿಕೇಟಾ?" ಜಗಳ ಬೇಡ ಅಂತ ಅವನು ಬಂದು ಅದರ ಮೇಲೇ ಸೈಪರ್‌ಮೆಥ್ರಿನ್ ಹೊಡೆದು ಹೋಗುತ್ತಾನೆ. ಕಣ್ಣಿಗೆ ಕಂಡವು ಸತ್ತವು, ಮನೆಯವರಿಗೆ ಖುಷಿ. ಆದರೆ ಈಗ ಗೆದ್ದಲು ಆ ದಾರಿಗೇ ಬರುವುದಿಲ್ಲ, ನಿಧಾನದ ಔಷಧಿ ಅದರ ಮೈಗೆ ತಾಗುವುದೂ ಇಲ್ಲ. ಎರಡು ಖರ್ಚು, ಕೆಲಸ ಸೊನ್ನೆ.

ಕಟ್ಟಿದ ಮನೆಗೆ ಗೆದ್ದಲು ಔಷಧಿ ಹೇಗೆ ಹಾಕಬೇಕು ಎನ್ನುವುದಕ್ಕೆ ಭಾರತೀಯ ಮಾನಕ ಸಂಸ್ಥೆಯ ಐಎಸ್ 6313 ಎಂಬ ನಿಯಮಾವಳಿಯೇ ಇದೆ. ಗೋಡೆ ಮತ್ತು ನೆಲ ಸೇರುವ ಕಡೆ ಸುಮಾರು ಒಂದೊಂದು ಅಡಿಗೆ ರಂಧ್ರ ಕೊರೆದು ಔಷಧಿ ಒಳಗೆ ಇಳಿಸಬೇಕು, ಆಮೇಲೆ ರಂಧ್ರ ಮುಚ್ಚಬೇಕು. ಮನೆಯ ಹೊರಸುತ್ತಿನ ಮಣ್ಣಿಗೂ ಹಾಕಬೇಕು. ಇದು ಅರ್ಧ ದಿನದಿಂದ ಒಂದು ದಿನದ ಕೆಲಸ. ಯಾರಾದರೂ ಬೆನ್ನಿಗೆ ಪಂಪು ಹಾಕಿಕೊಂಡು ಬಂದು ಚೌಕಟ್ಟಿಗೆ ಮೇಲಿಂದ ಮೇಲೆ ಹೊಡೆದು ಇಪ್ಪತ್ತು ನಿಮಿಷದಲ್ಲಿ ಹೊರಟರೆ, 'ಹತ್ತು ವರ್ಷ ಗ್ಯಾರಂಟಿ' ಕಾಗದಕ್ಕೆ ಬೆಲೆ ಇಲ್ಲ. ಆಮೇಲೆ ನೀವೇ ನಲ್ಲಿ ಪೈಪಿಗೆ, ಬಚ್ಚಲ ಮೋರಿಗೆ ಅಂತ ಗೋಡೆ ಪಕ್ಕ ಮಣ್ಣು ಅಗೆದರೆ ಔಷಧಿ ಹಾಕಿದ ಮಣ್ಣಿನ ಬೇಲಿಗೆ ನೀವೇ ಗಂಡಿ ಮಾಡಿದ ಹಾಗೆ.

ಜಿರಳೆ, ತಿಗಣೆ

ಹೋಟೆಲ್, ಬೇಕರಿ, ಹಾಸ್ಟೆಲ್ ಅಡುಗೆಮನೆಯ ಚಿಕ್ಕ ಜಿರಳೆಗೂ ಇದೇ ಪಾಠ. ಸ್ಪ್ರೇ ಹೊಡೆದರೆ ಹೊರಗೆ ಬಂದವು ಬೀಳುತ್ತವೆ. ಉಳಿದವು ಫ್ರಿಜ್ ಹಿಂದೆ, ಸ್ಲ್ಯಾಬಿನ ಸಂದಿಗೆ ಇನ್ನೂ ಆಳಕ್ಕೆ ಹೋಗುತ್ತವೆ. ಒಂದು ಹೆಣ್ಣು ಹೊತ್ತು ತಿರುಗುವ ಮೊಟ್ಟೆಚೀಲದಲ್ಲಿ 30ರಿಂದ 40 ಮೊಟ್ಟೆ. ಆ ಚೀಲಕ್ಕೆ ಸ್ಪ್ರೇ ಅಷ್ಟಾಗಿ ತಾಗುವುದಿಲ್ಲ.

ಜೆಲ್ ಅನ್ನುವುದು ತಿನ್ನಿಸಿ ಕೊಲ್ಲುವ ಔಷಧಿ. ಕಡಲೆ ಬೇಳೆಯಷ್ಟು ಗಾತ್ರದ ಚುಕ್ಕೆಗಳನ್ನು ಸಂದಿಗೊಂದಿಗೆ ಇಡುತ್ತಾರೆ. ತಿಂದ ಜಿರಳೆ ಗೂಡಿಗೆ ಹೋಗಿ ಸಾಯುತ್ತದೆ. ಅದರ ಹಿಕ್ಕೆ, ಅದರ ಹೆಣ ತಿಂದ ಇನ್ನೊಂದು ಜಿರಳೆಗೂ ವಿಷ ತಾಗುತ್ತದೆ. ಆದರೆ ಜೆಲ್ ಇಟ್ಟ ಜಾಗಕ್ಕೆ ಸ್ಪ್ರೇ ಹೊಡೆದರೆ, ಫಿನಾಯಿಲ್ ಒರೆಸಿದರೆ ಜಿರಳೆ ಅದನ್ನು ಮುಟ್ಟುವುದೇ ಇಲ್ಲ. ರಾತ್ರಿ ಪಾತ್ರೆ ತೊಳೆಯದೆ ಬಿಟ್ಟರೂ ಅಷ್ಟೇ. ಅನ್ನ ಸಾರು ಬಿಟ್ಟು ಜೆಲ್ ಯಾಕೆ ತಿನ್ನುತ್ತದೆ?

ತಿಗಣೆ ಬೇರೆ. ಅದು ರಕ್ತ ಬಿಟ್ಟು ಬೇರೇನೂ ತಿನ್ನುವುದಿಲ್ಲ, ಹಾಗಾಗಿ ಜೆಲ್ ನಡೆಯುವುದಿಲ್ಲ. ಮಂಚದ ಸಂದಿ, ಹಾಸಿಗೆ ಹೊಲಿಗೆಗೇ ಔಷಧಿ ಮುಟ್ಟಿಸಬೇಕು. ಮೊಟ್ಟೆಗೆ ಔಷಧಿ ಸರಿಯಾಗಿ ತಾಗುವುದಿಲ್ಲ, ವಾರ ಹತ್ತು ದಿನದಲ್ಲಿ ಮರಿ ಹೊರಗೆ ಬರುತ್ತವೆ. ಆದ್ದರಿಂದ ಎರಡು ವಾರ ಬಿಟ್ಟು ಮತ್ತೆ ಬರಲೇಬೇಕು. 'ಒಂದೇ ಸಲಕ್ಕೆ ಕ್ಲಿಯರ್' ಅನ್ನುವವನಿಗಿಂತ 'ಎರಡು ಸಲ ಬರ್ತೀನಿ, ಅಷ್ಟರಲ್ಲಿ ನೀವು ಬಟ್ಟೆ ಬಿಸಿನೀರಿಗೆ ಹಾಕಿ, ಹಾಸಿಗೆ ಕಡು ಬಿಸಿಲಿಗೆ ಹಾಕಿ' ಅನ್ನುವವನು ನಂಬಿಕೆಗೆ ಅರ್ಹ.

ಪಂಚಾಯಿತಿ ಹೊಗೆ ಯಾರಿಗಾಗಿ?

ಮನೆಯ ಮಾತು ಮುಗಿಯಿತು, ಈಗ ಬೀದಿಗೆ ಬನ್ನಿ. ಡೆಂಗಿ ಬಂತು ಅಂದರೆ ಊರವರ ಮೊದಲ ಬೇಡಿಕೆ ಫಾಗಿಂಗ್. ಸಂಜೆ ಹೊತ್ತು ಯಂತ್ರ ಗುಡುಗುಡು ಅಂತ ಬೀದಿಯಲ್ಲಿ ಹೊಗೆ ಬಿಟ್ಟು ಹೋದರೆ ಪಂಚಾಯಿತಿ ಕೆಲಸ ಮಾಡಿತು ಅಂತ ಲೆಕ್ಕ. ಫೋಟೊ ವಾಟ್ಸಾಪ್ ಗ್ರೂಪಿಗೂ ಬರುತ್ತದೆ.

ಹೊಗೆಯ ಔಷಧಿ ಗಾಳಿಯಲ್ಲಿ ಹಾರುವ ಸೊಳ್ಳೆಗೆ ತಾಗಿದರೆ ಕೊಲ್ಲುತ್ತದೆ. ಹೊಗೆ ಕರಗಿದ ಮೇಲೆ ಏನೂ ಉಳಿಯುವುದಿಲ್ಲ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಹಗಲು ಕಚ್ಚುವಂಥದ್ದು. ಉಳಿದ ಹೊತ್ತು ಮನೆಯೊಳಗೆ ಮಂಚದ ಕೆಳಗೆ, ನೇತು ಹಾಕಿದ ಬಟ್ಟೆಯ ಹಿಂದೆ ಕೂರುತ್ತದೆ. ಹೊಗೆಯ ವಾಸನೆಗೆ ನಾವು ಬಾಗಿಲು ಕಿಟಕಿ ಹಾಕಿಕೊಳ್ಳುತ್ತೇವೆ. ಸೊಳ್ಳೆ ನಮ್ಮ ಜೊತೆ ಒಳಗೇ ಇರುತ್ತದೆ. ತೊಟ್ಟಿಯ ನೀರಿನ ಮರಿಗೆ ಹೊಗೆ ತಾಗುವುದೇ ಇಲ್ಲ. ಮೊಟ್ಟೆಯಿಂದ ಸೊಳ್ಳೆಯಾಗಲು ಸುಮಾರು ಒಂದು ವಾರದಿಂದ ಹತ್ತು ದಿನ. ನಾಳೆ ಬೆಳಗ್ಗೆ ಹೊಸ ಸೊಳ್ಳೆ ಎದ್ದು ಬರುತ್ತದೆ.

ಹಾಗಂತ ಬೇಗ ಕೊಲ್ಲುವುದು ಇಲ್ಲಿ ಬೇಡವೇ ಬೇಡ ಅನ್ನುತ್ತಿಲ್ಲ. ಒಂದು ಮನೆಯಲ್ಲಿ ಡೆಂಗಿ ಗೊತ್ತಾದರೆ ಆ ಮನೆ ಮತ್ತು ಸುತ್ತಲಿನ ಮನೆಗಳ ಒಳಗೆ ಪೈರೆಥ್ರಮ್ ಸಿಂಪಡಿಸಿದರೆ ರೋಗ ಹೊತ್ತ ಸೊಳ್ಳೆ ಅಲ್ಲೇ ಸಾಯುತ್ತದೆ. ಅದು ತುರ್ತಿನ ಕೆಲಸ, ಆ ದಿನಕ್ಕೆ ಬೇಕು. ಉಳಿದ ವರ್ಷವೆಲ್ಲ ಬೇಕಾದದ್ದು ನೀರಿನ ಲೆಕ್ಕ: ಡ್ರಮ್ಮಿಗೆ ಮುಚ್ಚಳ, ವಾರಕ್ಕೊಮ್ಮೆ ತೊಟ್ಟಿ ಉಜ್ಜಿ ತೊಳೆಯುವುದು, ಹಳೆ ಟೈರು, ತೆಂಗಿನ ಚಿಪ್ಪು, ತೋಟದಲ್ಲಿ ಬಿದ್ದ ಅಡಿಕೆ ಹಾಳೆ ತೆಗೆಯುವುದು, ಬಾವಿಗೆ ಗಪ್ಪಿ ಮೀನು ಬಿಡುವುದು. 2024ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಎಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟ ಮನೆಗೆ ನಗರದಲ್ಲಿ 400 ರೂಪಾಯಿ, ಗ್ರಾಮೀಣ ಭಾಗದಲ್ಲಿ 200 ರೂಪಾಯಿ ದಂಡ ಅಂತ ಮಾಡಿತು. ನೀರು ನಿಲ್ಲಲು ಬಿಡುವುದೇ ತಪ್ಪು ಎಂದು ಆ ನಿಯಮವೇ ಹೇಳುತ್ತದೆ. ಗ್ರಾಮಸಭೆಯಲ್ಲಿ ಮಾತ್ರ ನಾವು ಇನ್ನೂ ಹೊಗೆಯನ್ನೇ ಕೇಳುತ್ತಿದ್ದೇವೆ.

ಮಲೇರಿಯಾ ಸೊಳ್ಳೆಗೆ ಲೆಕ್ಕವೇ ಬೇರೆ. ಅದು ರಾತ್ರಿ ಕಚ್ಚಿ ಗೋಡೆಯ ಮೇಲೆ ಕೂರುತ್ತದೆ. ಅದಕ್ಕೇ ಗೋಡೆಗೆ ಬಹಳ ದಿನ ಉಳಿಯುವ ಔಷಧಿ ಹೊಡೆಯುವುದು. ಹಿರಿಯರಿಗೆ ನೆನಪಿರಬಹುದು, ಮಲೇರಿಯಾದವರು ಬಂದು ಡಿಡಿಟಿ ಹೊಡೆದು ಗೋಡೆಯ ಮೇಲೆ ತಾರೀಖು ಬರೆದು ಹೋಗುತ್ತಿದ್ದರು. ದೇಶದಲ್ಲಿ 1953ರಲ್ಲಿ ಶುರುವಾದ ಆ ಕಾರ್ಯಕ್ರಮದ ಮುಂಚೆ ವರ್ಷಕ್ಕೆ ಸುಮಾರು 7.5 ಕೋಟಿ ಜನರಿಗೆ ಮಲೇರಿಯಾ ಬರುತ್ತಿತ್ತು ಎಂಬ ಅಂದಾಜಿದೆ. 1965ರ ಹೊತ್ತಿಗೆ ಅದು ಸುಮಾರು 1 ಲಕ್ಷಕ್ಕೆ ಇಳಿಯಿತು. ಬಹುಕಾಲ ಉಳಿಯುವ ಔಷಧಿಯ ದೊಡ್ಡ ಗೆಲುವು ಅದು. ಆಮೇಲೆ ಸೊಳ್ಳೆ ಡಿಡಿಟಿಗೆ ಒಗ್ಗಿಕೊಂಡಿತು, ಕೆಲಸವೂ ಸಡಿಲವಾಯಿತು. 1976ರಲ್ಲಿ ಮತ್ತೆ 64 ಲಕ್ಷ ದಾಟಿತು. ಹುಳಕ್ಕೆ ಸಾಯುವಷ್ಟು ಅಲ್ಲದ, ರೂಢಿಯಾಗುವಷ್ಟು ವಿಷ ಬಹಳ ದಿನ ಎದುರಿಗಿದ್ದರೆ ಅದು ಕಲಿತುಬಿಡುತ್ತದೆ.

ಸುಣ್ಣ, ಸಗಣಿ ಮತ್ತು ಗ್ಯಾರಂಟಿ

'ಮೂರು ತಿಂಗಳು ಇರ್ತದೆ' ಅಂದರೆ ಯಾವ ಗೋಡೆಯ ಮೇಲೆ? ಇದನ್ನು ಯಾರೂ ಹೇಳುವುದಿಲ್ಲ. ಮಣ್ಣಿನ ಗೋಡೆ ನೀರಿನ ಜೊತೆ ಔಷಧಿಯನ್ನೂ ಕುಡಿದುಬಿಡುತ್ತದೆ. ಹುಳದ ಕಾಲಿಗೆ ತಾಗಲು ಮೇಲೆ ಏನೂ ಉಳಿಯುವುದಿಲ್ಲ. ಸುಣ್ಣದ ಗೋಡೆಯ ಕ್ಷಾರ ಮೆಲಾಥಿಯಾನ್‌ನಂಥ ಔಷಧಿಯನ್ನು ಬೇಗ ಒಡೆಯುತ್ತದೆ. ಇಂಥ ಗೋಡೆಗೆ ನೀರಲ್ಲಿ ಕದಡುವ ಪುಡಿ ರೂಪದ ಔಷಧಿಯೇ ವಾಸಿ. ಅದರ ಕಣಗಳು ಮೇಲೆ ಕೂರುತ್ತವೆ. ಪೇಂಟ್ ಹೊಡೆದ, ಟೈಲ್ಸ್ ಹಾಕಿದ ಗೋಡೆಗೆ ಬೇರೆ ರೂಪದ್ದು ಬೇಕು.

ಇನ್ನು ನಮ್ಮ ರೂಢಿ. ಔಷಧಿ ಹೊಡೆಸಿದ ಮುಂದಿನ ವಾರ ಹಬ್ಬ ಬಂತು ಅಂತ ಸುಣ್ಣ ಬಳಿಯುತ್ತೇವೆ, ಸಗಣಿ ಸಾರಿಸುತ್ತೇವೆ. ಅಲ್ಲಿಗೆ ಔಷಧಿ ಮುಚ್ಚಿಹೋಯಿತು. ಯುಗಾದಿಗೆ, ದೀಪಾವಳಿಗೆ ಸುಣ್ಣ ಬಳಿಯುವ ಮನೆಯವರು ಮೊದಲು ಬಳಿದು, ಒಣಗಿಸಿ, ಆಮೇಲೆ ಔಷಧಿ ಹೊಡೆಸಬೇಕು. ಇಷ್ಟು ಹೇಳಲು ಆಪರೇಟರಿಗೆ ಕಾಸು ಖರ್ಚಿಲ್ಲ, ಆದರೂ ಹೇಳುವವರು ಕಡಿಮೆ.

ಉಳಿಯುವುದಕ್ಕೂ ಒಂದು ಬೆಲೆ ಇದೆ

ಇಲ್ಲಿವರೆಗೆ ಓದಿದವರಿಗೆ 'ಹಾಗಾದರೆ ನಿಧಾನದ್ದು, ಬಹಳ ದಿನ ಉಳಿಯುವುದು ಒಳ್ಳೆಯದು' ಅನ್ನಿಸಬಹುದು. ಅದೂ ಪೂರ್ತಿ ಸರಿಯಲ್ಲ.

ಔಷಧಿ ಗೋಡೆಯ ಮೇಲೆ ಮೂರು ತಿಂಗಳು ಇದೆ ಅಂದರೆ, ಆ ಗೋಡೆಗೆ ಕೈ ಊರಿ ನಡೆಯಲು ಕಲಿಯುವ ಮಗುವಿನ ಎದುರಿಗೂ ಮೂರು ತಿಂಗಳು ಇದೆ. ಗೆದ್ದಲಿಗೆ ಜಗತ್ತಿನಾದ್ಯಂತ ಆಲ್ಡ್ರಿನ್, ಕ್ಲೋರ್ಡೇನ್, ಹೆಪ್ಟಾಕ್ಲೋರ್ ಹಾಕುತ್ತಿದ್ದ ಕಾಲವಿತ್ತು. ದಶಕಗಟ್ಟಲೆ ಮಣ್ಣಲ್ಲಿ ಉಳಿಯುತ್ತಿದ್ದವು, ಅದಕ್ಕೇ ಜನಪ್ರಿಯ. ಅದೇ ಕಾರಣಕ್ಕೆ 2001ರ ಸ್ಟಾಕ್‌ಹೋಮ್ ಒಪ್ಪಂದದಲ್ಲಿ ಜಗತ್ತೇ ಬಿಡಬೇಕಾದ ಮೊದಲ ಹನ್ನೆರಡು ವಿಷಗಳ ಪಟ್ಟಿಗೆ ಮೂರೂ ಸೇರಿದವು. ನಮ್ಮಲ್ಲಿ ಗೆದ್ದಲಿಗೆ ಈಗಲೂ ಬಳಸುವ ಕ್ಲೋರ್‌ಪೈರಿಫಾಸ್‌ನ ಮನೆಬಳಕೆಯನ್ನು ಅಮೆರಿಕ 2000ರಲ್ಲೇ ನಿಲ್ಲಿಸಲು ಶುರು ಮಾಡಿತು. 2025ರಲ್ಲಿ ಅದೂ ಕೆಲವು ವಿನಾಯಿತಿಯೊಂದಿಗೆ ಆ ಒಪ್ಪಂದದ ಪಟ್ಟಿಗೆ ಸೇರಿತು. ಮನೆ ಪಕ್ಕ ತೆರೆದ ಬಾವಿ ಇರುವವರು, ಮುಖ್ಯವಾಗಿ ಮಲೆನಾಡು, ಕರಾವಳಿಯವರು, ಗೋಡೆ ಬುಡದ ಮಣ್ಣಿಗೆ ಏನು ಹಾಕಿಸುತ್ತಿದ್ದೇವೆ ಅಂತ ಎರಡು ಸಲ ಯೋಚಿಸಬೇಕು.

ರೇಷ್ಮೆ ಸಾಕುವವರ ಕಷ್ಟ ಇನ್ನೂ ನೇರ. ರಾಮನಗರ, ಮಂಡ್ಯ, ಕೋಲಾರ, ಚಿಕ್ಕಬಳ್ಳಾಪುರ ಕಡೆ ಎಷ್ಟೋ ಮನೆಗಳಲ್ಲಿ ಹುಳು ಮನೆ, ವಾಸದ ಮನೆ ಒಂದೇ ಸೂರಿನಡಿ. ರೇಷ್ಮೆ ಹುಳವೂ ಹುಳವೇ. ಜಿರಳೆಯನ್ನು ಕೊಲ್ಲುವ ಡೆಲ್ಟಾಮೆಥ್ರಿನ್‌ಗೆ ಅದು ಬೇರೆ ಅಂತ ಗೊತ್ತಾಗುವುದಿಲ್ಲ. ಅಂಥ ಮನೆಗೆ ಗೋಡೆಯ ಮೇಲೆ ಉಳಿಯುವ ಸ್ಪ್ರೇ ಬೇಡವೇ ಬೇಡ. ಸಂದಿಯಲ್ಲಿ ಇಡುವ ಜೆಲ್, ಕಿಟಕಿಗೆ ಜಾಲರಿ, ಸೊಳ್ಳೆಪರದೆ ಇವೇ ದಾರಿ. ಜೇನುಪೆಟ್ಟಿಗೆ ಇಟ್ಟವರಿಗೂ ಇದೇ ಮಾತು. ಪೈರೆಥ್ರಾಯ್ಡ್ ಮೀನಿಗೆ ಕಡುವಿಷ, ಸೊಳ್ಳೆ ಮರಿ ತಿನ್ನಲಿ ಅಂತ ಬಿಟ್ಟ ಗಪ್ಪಿಗೂ ವಿಷ. ಫಿಪ್ರೋನಿಲ್ ಕೋಳಿಗೆ ವಿಷ.

ಹಾಗಂತ 'ಬೇಗ ಕೊಂದು ಬೇಗ ಹೋಗುವುದು' ಸುರಕ್ಷಿತ ಅಂತಲೂ ಅಲ್ಲ. ನುವಾನ್ ಅಂತ ಹಳ್ಳಿಹಳ್ಳಿಯಲ್ಲಿ ಹೆಸರಾಗಿದ್ದ ಡೈಕ್ಲೋರ್‌ವಾಸ್ ಹೊಡೆದ ಕ್ಷಣಕ್ಕೆ ಹುಳ ಬೀಳಿಸುತ್ತಿತ್ತು, ಆವಿಯಾಗಿ ಹೋಗುತ್ತಿತ್ತು. ಆ ಆವಿಯೇ ಮನುಷ್ಯರಿಗೂ ವಿಷ. 2020ರ ಡಿಸೆಂಬರ್ 31ರಿಂದ ದೇಶದಲ್ಲಿ ಅದನ್ನು ನಿಷೇಧಿಸಿದ್ದಾರೆ. ಈಗಲೂ ಹಳೆ ಡಬ್ಬಿ ತಂದು ಹೊಡೆಯುತ್ತೇನೆ ಅನ್ನುವವನನ್ನು ಬಾಗಿಲಲ್ಲೇ ವಾಪಸ್ ಕಳಿಸಿ. ಕಾಳಿನ ಗೋದಾಮಿಗೆ ಹಾಕುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಯೂ ಅಷ್ಟೇ. 3 ಗ್ರಾಂನ ಒಂದು ಮಾತ್ರೆಯಿಂದ 1 ಗ್ರಾಂ ಫಾಸ್ಫೀನ್ ಅನಿಲ ಬರುತ್ತದೆ. ಮುಚ್ಚಿದ ಗೋದಾಮಿನಲ್ಲಿ, ತರಬೇತಿ ಇದ್ದವರ ಕೈಯಲ್ಲಿ ಅದು ಒಳ್ಳೆಯದೇ, ಕಾಳಿನ ಮೇಲೆ ವಿಷ ಉಳಿಸದೆ ನುಸಿ ಕೊಲ್ಲುತ್ತದೆ. ಜನ ಮಲಗುವ ಮನೆಯಲ್ಲಿ, ಅದಕ್ಕೆ ಅಂಟಿದ ಕೋಣೆಯಲ್ಲಿ ಜೀವ ತೆಗೆಯುತ್ತದೆ. ತಿಗಣೆಗೆ, ಕಾಳಿನ ಡಬ್ಬಿಗೆ ಅಂತ ಅದನ್ನು ಯಾರು ಕೊಟ್ಟರೂ ಮುಟ್ಟಬೇಡಿ.

ಆಪರೇಟರ್ ಮಾತ್ರ ತಪ್ಪಿತಸ್ಥನಲ್ಲ

ಇದನ್ನೆಲ್ಲ ಓದಿ ಪೆಸ್ಟ್ ಕಂಟ್ರೋಲ್‌ನವರನ್ನೇ ಬೈಯುವುದು ಸುಲಭ. ಅವರ ಕಡೆಯೂ ಒಂದು ನ್ಯಾಯ ಇದೆ. ಗೆದ್ದಲಿಗೆ ಸರಿಯಾದ ಕೆಲಸ ಮಾಡಲು ಡ್ರಿಲ್ ಬೇಕು, ಇಬ್ಬರು ಆಳು ಬೇಕು, ದುಬಾರಿ ಔಷಧಿ ಬೇಕು. ಪಕ್ಕದ ಊರಿನವನು ಅದರ ಕಾಲು ಭಾಗಕ್ಕೆ ಸ್ಪ್ರೇ ಹೊಡೆದು ಹೋಗುತ್ತಾನೆ. ನಾವು ಕರೆಯುವುದು ಅವನನ್ನೇ. ಸರಿಯಾಗಿ ಮಾಡುವವನಿಗೆ ಕೆಲಸ ಇಲ್ಲದಂತೆ ಮಾಡಿದವರು ನಾವು. ಆಮೇಲೆ ಅವನೂ ಪಂಪು ಹೊತ್ತು ಬರುತ್ತಾನೆ, ಗಿರಾಕಿಗೆ ಬೇಕಾದ್ದು ಸತ್ತ ಹುಳ ತಾನೇ?

ಹೆಚ್ಚು ಔಷಧಿ ಹಾಕಿದರೆ ಹೆಚ್ಚು ಕೆಲಸ ಅನ್ನುವ ನಂಬಿಕೆಯೂ ನಮ್ಮದೇ. "ಸ್ವಲ್ಪ ಸ್ಟ್ರಾಂಗ್ ಆಗಿ ಹಾಕಪ್ಪಾ" ಅನ್ನುತ್ತೇವೆ. ಪೈರೆಥ್ರಾಯ್ಡ್ ಸ್ಟ್ರಾಂಗ್ ಆದಷ್ಟೂ ಹುಳ ಹೆದರಿ ದೂರ ಹೋಗುವುದು ಜಾಸ್ತಿ. ಅದನ್ನು ಉಸಿರಾಡುವವರು ನಾವು. ಮುಖಕ್ಕೆ ಬರೀ ಕರ್ಚೀಫು ಕಟ್ಟಿಕೊಂಡು ದಿನಾ ಅದನ್ನೇ ಹೊಡೆಯುವ ಹುಡುಗ ನಮಗಿಂತ ಹತ್ತು ಪಟ್ಟು ಉಸಿರಾಡುತ್ತಾನೆ.

ದುಡ್ಡು ಕೊಡುವ ಮೊದಲು ಕೇಳಿ

1. ಲೈಸೆನ್ಸ್ ತೋರಿಸಿ. 1968ರ ಕೀಟನಾಶಕ ಕಾಯ್ದೆ, 1971ರ ನಿಯಮಗಳ ಪ್ರಕಾರ ಪೆಸ್ಟ್ ಕಂಟ್ರೋಲ್ ಕೆಲಸಕ್ಕೆ ಪರವಾನಗಿ ಬೇಕೇ ಬೇಕು.

2. ಔಷಧಿಯ ಹೆಸರು ಕಾಗದದ ಮೇಲೆ ಬರೆದು ಕೊಡಿ. 'ಫಾರಿನ್ ಔಷಧಿ', 'ಹರ್ಬಲ್' ಅನ್ನುವುದು ಹೆಸರಲ್ಲ. ಮನೆಯಲ್ಲಿ ಯಾರಿಗಾದರೂ ತಲೆಸುತ್ತು, ವಾಂತಿ ಆದರೆ ಡಾಕ್ಟರಿಗೆ ಮೊದಲು ಬೇಕಾದ್ದು ಆ ಹೆಸರು. ಕ್ಲೋರ್‌ಪೈರಿಫಾಸ್‌ನಂಥ ವಿಷಕ್ಕೆ ಅಟ್ರೋಪಿನ್ ಕೊಡುತ್ತಾರೆ, ಪೈರೆಥ್ರಾಯ್ಡ್‌ಗೆ ಚಿಕಿತ್ಸೆ ಬೇರೆ.

3. ಡಬ್ಬಿ ನನ್ನ ಎದುರಿಗೇ ಒಡೆಯಿರಿ. ಅದರ ಮೇಲಿನ ತ್ರಿಕೋನದ ಬಣ್ಣ ನೋಡಿ. ಕೆಂಪು ಅತಿ ವಿಷ, ಆಮೇಲೆ ಹಳದಿ, ನೀಲಿ, ಎಲ್ಲಕ್ಕಿಂತ ಕಡಿಮೆ ಹಸಿರು. ಹೊಲದ ಬೆಳೆಯ ಚಿತ್ರ ಇರುವ ಡಬ್ಬಿ ಮನೆಯೊಳಗೆ ಬೇಡ.

4. ಹುಳ ಎಷ್ಟು ದಿನಕ್ಕೆ ಕಡಿಮೆಯಾಗುತ್ತದೆ? ಜೆಲ್ಲಿಗೆ, ಗೆದ್ದಲಿನ ನಿಧಾನದ ಔಷಧಿಗೆ 'ಇವತ್ತೇ' ಅನ್ನುವ ಉತ್ತರ ಬಂದರೆ ಅನುಮಾನಪಡಿ.

5. ಮತ್ತೆ ಯಾವಾಗ ಬಂದು ನೋಡುತ್ತೀರಿ? ತಾರೀಖು ಬರೆಸಿಕೊಳ್ಳಿ. ಪೂರ್ತಿ ದುಡ್ಡು ಮೊದಲ ದಿನವೇ ಕೊಡಬೇಡಿ, ಒಂದು ಪಾಲು ಆ ದಿನಕ್ಕೆ ಇಟ್ಟುಕೊಳ್ಳಿ.

6. ನೀವೂ ಹೇಳಬೇಕಾದ್ದನ್ನು ಹೇಳಿ. ಮನೆಯಲ್ಲಿ ಬಸುರಿ, ಬಾಣಂತಿ, ಕೂಸು, ಉಬ್ಬಸದವರು ಇದ್ದಾರೆಯೇ? ರೇಷ್ಮೆ, ಜೇನು, ಕೋಳಿ, ಮೀನು, ಬಾವಿ ಇದೆಯೇ? ಇದನ್ನು ಕೇಳದೆ ಪಂಪಿಗೆ ಗಾಳಿ ಹಾಕಲು ಶುರು ಮಾಡುವವನಿಗೆ ಕೆಲಸ ಗೊತ್ತಿಲ್ಲ.

ಬೇಗ ಕೊಲ್ಲುವುದೇ ಸರಿಯಾದ ಜಾಗ ಇದ್ದೇ ಇದೆ: ಡೆಂಗಿ ಬಂದ ಮನೆಯ ಸುತ್ತಮುತ್ತ, ಶಾಲೆ ಬಾಗಿಲಿಗೆ ಕಟ್ಟಿದ ಕಣಜದ ಗೂಡು, ಕಾಳಿನ ಗೋದಾಮು. ಬಹುಕಾಲ ಉಳಿಯಬೇಕಾದ ಜಾಗವೂ ಇದೆ: ಪಾಯದ ಮಣ್ಣು, ಮಲೇರಿಯಾ ಇರುವ ಊರಿನ ಗೋಡೆ, 20 ಸಲ ಒಗೆದರೂ ಔಷಧಿ ಉಳಿಯುವಂತೆ ಮಾಡಿದ ಸೊಳ್ಳೆಪರದೆ. ಉಳಿದ ಬಹುಪಾಲು ಕಡೆ ಬೇಕಾದದ್ದು ಸ್ವಲ್ಪ ಔಷಧಿ, ಸರಿಯಾದ ಸಂದಿಗೆ, ಜೊತೆಗೆ ಹದಿನೈದು ದಿನದ ತಾಳ್ಮೆ.

ಹೊಡೆದ ದಿನ ಎಷ್ಟು ಹುಳ ಬಿದ್ದವು ಅಂತ ನೋಡಬೇಡಿ. ಗೆದ್ದಲಿನ ಹಳೆ ಗೆರೆಯನ್ನು ಒಂದು ಕಡೆ ಸ್ವಲ್ಪ ಒಡೆದು ಇಡಿ. ತಿಂಗಳು ಬಿಟ್ಟು ನೋಡಿ. ಮಣ್ಣು ಮತ್ತೆ ಮುಚ್ಚಿದ್ದರೆ ಆಪರೇಟರಿಗೆ ಫೋನ್ ಮಾಡಿ ಕರೆಸಿ. ಮುಚ್ಚಿಲ್ಲದಿದ್ದರೆ, ಬಾಕಿ ಇಟ್ಟುಕೊಂಡ ದುಡ್ಡು ಕೊಟ್ಟುಬಿಡಿ.